ನಿಂತ ಕಾಲು ನೋಯುವುದೇಕೆ?

ಭೌತಶಾಸ್ತ್ರದ ತರಗತಿಯಲ್ಲಿ ‘ಕೆಲಸ’ ಎಂಬ ಪದಕ್ಕೆ ವ್ಯಾಖ್ಯೆ ಕೊಡುವ ದಿನ, ವರ್ಷ ವರ್ಷವೂ ಒಬ್ಬನಾದರೂ ವಿದ್ಯಾರ್ಥಿ ಎದ್ದು ನಿಂತು ಆಕ್ಷೇಪಿಸುವುದುಂಟು. ಬಲವು ವಸ್ತುವೊಂದನ್ನು ತನ್ನ ದಿಕ್ಕಿನಲ್ಲಿ ಸರಿಸಿದಾಗ ಮಾತ್ರ ಕೆಲಸ ನಡೆಯಿತೆಂದು ಹೇಳಬೇಕು. ವಸ್ತು ಕದಲದಿದ್ದರೆ ಬಲವು ಎಷ್ಟೇ ದೊಡ್ಡದಾಗಿರಲಿ, ಕೆಲಸ ಸೊನ್ನೆ. ಇಷ್ಟನ್ನು ಹಲಗೆಯ ಮೇಲೆ ಬರೆದು ತಿರುಗುವಷ್ಟರಲ್ಲಿ ಹಿಂದಿನ ಸಾಲಿನಿಂದ ಪ್ರಶ್ನೆ ಬರುತ್ತದೆ: “ಹಾಗಾದರೆ ಶಿಕ್ಷೆಗಾಗಿ ಒಂದು ಗಂಟೆ ಬೆಂಚಿನ ಮೇಲೆ ನಿಂತ ಹುಡುಗ ಯಾವ ಕೆಲಸವನ್ನೂ ಮಾಡಿಲ್ಲವೇ? ಅವನ ಕಾಲು ನೋಯುವುದೇಕೆ?” ತರಗತಿಯೆಲ್ಲ ನಗುತ್ತದೆ. ಆದರೆ ಪ್ರಶ್ನೆ ನಗೆಯ ವಿಷಯವಲ್ಲ. ಮೂರು ಪಾಠಗಳನ್ನು ಬೆನ್ನುಬೆನ್ನಿಗೆ ನಿಂತು ಹೇಳಿ ಮನೆಗೆ ಮರಳಿದ ಸಂಜೆ, ಪಾದರಕ್ಷೆಯ ಪಟ್ಟಿ ಚರ್ಮದ ಮೇಲೆ ಒತ್ತಿದ ಗುರುತನ್ನು ನೋಡಿಕೊಳ್ಳುವಾಗ ನಮ್ಮನ್ನೂ ಅದೇ ಪ್ರಶ್ನೆ ಕಾಡಿದೆ. ಅಷ್ಟೇ ಹೊತ್ತನ್ನು ನಡೆದು ಕಳೆದಿದ್ದರೆ ಕಾಲು ಹೀಗೆ ಭಾರವಾಗುತ್ತಿರಲಿಲ್ಲವೆಂಬುದು ಅನೇಕರ ಅನುಭವ. ನಡೆದವನಿಗಿಂತ ನಿಂತವನಿಗೇ ಕಾಲುನೋವು ಹೆಚ್ಚು. ಈ ವಿಚಿತ್ರಕ್ಕೆ ಕಾರಣವೇನೆಂಬುದನ್ನು ವಿಚಾರಿಸೋಣ.

ಮೇಜು ನಾಲ್ಕು ಕಾಲಿನ ಮೇಲೆ ವರ್ಷಗಟ್ಟಲೆ ನಿಂತರೂ ದಣಿಯುವುದಿಲ್ಲ. ಮನುಷ್ಯ ನಿಲ್ಲುವುದು ಹಾಗಲ್ಲ. ನೆಟ್ಟಗೆ ನಿಂತವನ ಗುರುತ್ವ ಕೇಂದ್ರದಿಂದ ಕೆಳಕ್ಕೆಳೆದ ಲಂಬರೇಖೆ ಕಾಲಿನ ಹರಡುಕೀಲಿನ ಮೂಲಕ ಹಾಯುವುದಿಲ್ಲ. ಅದಕ್ಕಿಂತ ಸುಮಾರು 4 ಸೆಂಟಿಮೀಟರ್ ಮುಂದೆ ಬೀಳುತ್ತದೆ. ಆದುದರಿಂದ ದೇಹವು ಸದಾ ಮುಂದಕ್ಕೆ ಬಾಗಿ ಬೀಳಲು ಹವಣಿಸುತ್ತಿರುತ್ತದೆ. ಹಾಗೆ ಬೀಳದಂತೆ ಹಿಂದಿನಿಂದ ಹಿಡಿದಿರುವುದು ಮೀನಖಂಡದ ಸ್ನಾಯು. ಇದು ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜುವಿನ ಮೂಲಕ ಎಳೆಯುತ್ತದೆ, ಆ ರಜ್ಜು ಕೀಲಿಗಿಂತ ಸುಮಾರು 5 ಸೆಂಟಿಮೀಟರ್ ಹಿಂದಿದೆ. ಸನ್ನೆಯ ನಿಯಮ ಬಲ್ಲ ವಾಚಕರು ಲೆಕ್ಕವನ್ನು ತಾವೇ ಮಾಡಬಹುದು. 60 ಕಿಲೋಗ್ರಾಂ ತೂಕದ ಮನುಷ್ಯನಲ್ಲಿ ಒಂದೊಂದು ಕಾಲಿನ ಪಾಲಿಗೆ 30 ಕಿಲೋಗ್ರಾಂ. ಅದನ್ನು 4ರಿಂದ ಗುಣಿಸಿ 5ರಿಂದ ಭಾಗಿಸಿದರೆ 24. ಎಂದರೆ, ಸುಮ್ಮನೆ ನಿಂತಿರುವಾಗಲೂ ಪ್ರತಿಯೊಂದು ಮೀನಖಂಡವೂ ಸುಮಾರು 24 ಕಿಲೋಗ್ರಾಂ ಭಾರವನ್ನು ನೇತುಹಾಕಿಕೊಂಡಂತೆ ಬಿಗಿದಿರಬೇಕು. ಎರಡು ದೊಡ್ಡ ಕೊಡ ನೀರಿನಷ್ಟು ಎನ್ನೋಣ.

ಗೋಡೆಗೆ ಹೊಡೆದ ಮೊಳೆಯೂ ಭಾರವನ್ನು ನೇತುಹಾಕಿಕೊಳ್ಳುತ್ತದೆ, ಅದಕ್ಕೆ ಆಹಾರ ಬೇಡ. ಸ್ನಾಯುವಿಗೆ ಬೇಕು. ಸ್ನಾಯುವಿನೊಳಗೆ ಎರಡು ಬಗೆಯ ಸೂಕ್ಷ್ಮ ಎಳೆಗಳು ಒಂದರ ಪಕ್ಕದಲ್ಲೊಂದು ಜಾರುತ್ತವೆಂಬುದನ್ನು 1954ರಲ್ಲಿ ಎರಡು ಸಂಶೋಧಕ ತಂಡಗಳು ಬೇರೆ ಬೇರೆಯಾಗಿ ಪ್ರಕಟಿಸಿದವು; ಎರಡು ತಂಡಗಳಲ್ಲಿಯೂ ಹಕ್ಸ್‌ಲೀ ಎಂಬ ಹೆಸರಿನವರು ಇದ್ದರು, ಆದರೆ ಅವರು ಸಂಬಂಧಿಗಳಲ್ಲ. ದಪ್ಪ ಎಳೆಯ ಅಸಂಖ್ಯ ಅಣುಕೊಕ್ಕೆಗಳು ತೆಳ್ಳನೆಯ ಎಳೆಯನ್ನು ಹಿಡಿದು, ಎಳೆದು, ಬಿಟ್ಟು, ಮತ್ತೆ ಹಿಡಿಯುತ್ತವೆ. ಪ್ರತಿಯೊಂದು ಸುತ್ತಿಗೂ ಎ.ಟಿ.ಪಿ. ಎಂಬ ಶಕ್ತಿವಾಹಕದ ಒಂದು ಅಣು ಖರ್ಚಾಗುತ್ತದೆ. ಭಾರ ಕದಲದಿದ್ದರೂ ಈ ಹಿಡಿತ ಬಿಡಿತ ನಿಲ್ಲುವುದಿಲ್ಲ. ಬಾವಿಯಿಂದ ಕೊಡವನ್ನು ಅರ್ಧಕ್ಕೆಳೆದು, ಜಾರುವ ಹಗ್ಗವನ್ನು ಒಂದು ಕೈ ಬಿಟ್ಟು ಇನ್ನೊಂದು ಕೈಯಲ್ಲಿ ಹಿಡಿಯುತ್ತ ಕೊಡವನ್ನು ಅದೇ ಮಟ್ಟದಲ್ಲಿ ನಿಲ್ಲಿಸಿರುವವನ ಸ್ಥಿತಿಯೇ ಸ್ನಾಯುವಿನದು. ಕೊಡ ಮೇಲೇರಲಿಲ್ಲ, ಆದರೆ ಅವನು ಬೆವರಿದ. ಹೊರಗಿನ ಕೆಲಸ ಸೊನ್ನೆ, ಒಳಗಿನ ಖರ್ಚು ಸೊನ್ನೆಯಲ್ಲ. ಆ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ಹಿಂದಿನ ಸಾಲಿನ ಹುಡುಗನಿಗೆ ಇದು ಮೊದಲನೆಯ ಉತ್ತರ.

ಬಿಗಿದ ಸ್ನಾಯುವಿಗೆ ಮತ್ತೊಂದು ಕಷ್ಟವೂ ಇದೆ. ಅದು ತನ್ನೊಳಗಿನ ಸೂಕ್ಷ್ಮ ರಕ್ತನಾಳಗಳನ್ನು ತಾನೇ ಹಿಂಡಿಕೊಳ್ಳುತ್ತದೆ. ಬಿಗಿದು ಸಡಿಲುವ ಸ್ನಾಯುವಿಗೆ ಸಡಿಲಿದಾಗಲೆಲ್ಲ ಹೊಸ ರಕ್ತ ದೊರೆಯುವುದು. ಬಿಗಿದೇ ಇರುವ ಸ್ನಾಯು ಅರೆಹೊಟ್ಟೆಯಲ್ಲಿ ದುಡಿಯಬೇಕು. ಸ್ನಾಯು ತನ್ನ ಗರಿಷ್ಠ ಶಕ್ತಿಯ ಶೇಕಡ 15ಕ್ಕಿಂತ ಕಡಿಮೆ ಬಲದಿಂದ ಬಿಗಿದಿದ್ದರೆ ಎಷ್ಟು ಹೊತ್ತಾದರೂ ದಣಿಯದೆಂದು ಜರ್ಮನಿಯ ರೋಮರ್ಟ್ 1960ರಲ್ಲಿ ಪ್ರಕಟಿಸಿದ ಮಾಪನಗಳಿಂದ ಎಂಜಿನಿಯರುಗಳು ಬಹುಕಾಲ ನಂಬಿದ್ದರು. ಅನಂತರದ ಪ್ರಯೋಗಗಳು ಈ ಸಮಾಧಾನವನ್ನು ಉಳಿಸಲಿಲ್ಲ. ಬಲ ಅಲ್ಪವಾದರೂ ಗಂಟೆಗಳು ಕಳೆದಂತೆ ದಣಿವು ಕೂಡಿಕೊಳ್ಳುತ್ತದೆಂದು ಈಗ ತಿಳಿದಿದೆ.

ಆದರೆ ಸಂಜೆಯ ಹೊತ್ತಿಗೆ ಕಾಲು ಬಾತಿರುವುದಕ್ಕೆ ಸ್ನಾಯುವಿನ ದಣಿವು ಕಾರಣವಲ್ಲ. ಅದಕ್ಕೆ ಉತ್ತರ ರಕ್ತದಲ್ಲಿದೆ. ಮತ್ತು ಇಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗೆ ವೈದ್ಯವಿದ್ಯಾರ್ಥಿಯಷ್ಟೇ ಅಧಿಕಾರವಿದೆ. ರಕ್ತದ ಒತ್ತಡವನ್ನು ಮೊಟ್ಟಮೊದಲು ಅಳೆದವರು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಅವರು ಒಂದು ಹೆಣ್ಣು ಕುದುರೆಯನ್ನು ಮಲಗಿಸಿ ಕಟ್ಟಿ, ತೊಡೆಯ ಅಪಧಮನಿಗೆ ಉದ್ದನೆಯ ಗಾಜಿನ ಕೊಳವೆಯನ್ನು ಜೋಡಿಸಿದರು. ರಕ್ತವು ಹೃದಯದ ಮಟ್ಟದಿಂದ 8 ಅಡಿ 3 ಅಂಗುಲ ಎತ್ತರಕ್ಕೆ ಏರಿ ನಿಂತಿತು. ಈ ಪ್ರಯೋಗದ ವಿವರ 1733ರಲ್ಲಿ ಅಚ್ಚಾಯಿತು. ರಕ್ತವೂ ಒಂದು ದ್ರವ, ಒತ್ತಡವೆಂದರೆ ದ್ರವಸ್ತಂಭದ ಎತ್ತರ ಎಂಬ ವಿಚಾರ ಅಂದಿನಿಂದ ಶರೀರಶಾಸ್ತ್ರದಲ್ಲಿ ನೆಲೆಗೊಂಡಿತು.

ಅದೇ ವಿಚಾರವನ್ನು ನಮ್ಮ ಕಾಲಿಗೆ ಅನ್ವಯಿಸೋಣ. ನಿಂತಿರುವ ಮನುಷ್ಯನ ಹೃದಯದಿಂದ ಪಾದದವರೆಗೆ ಎತ್ತರ ಸುಮಾರು 120 ಸೆಂಟಿಮೀಟರ್. ರಕ್ತದ ಸಾಂದ್ರತೆ ನೀರಿಗಿಂತ ತುಸು ಹೆಚ್ಚು, 1.06, ಪಾದರಸದ್ದು 13.6. ಆದುದರಿಂದ 120 ಸೆಂಟಿಮೀಟರ್ ರಕ್ತಸ್ತಂಭದ ಒತ್ತಡವು ಸುಮಾರು 93 ಮಿಲಿಮೀಟರ್ ಪಾದರಸಕ್ಕೆ ಸಮ. ಮಲಗಿರುವಾಗ ಪಾದದ ಅಭಿಧಮನಿಯಲ್ಲಿ ಒತ್ತಡ ಕೇವಲ 10 ಮಿಲಿಮೀಟರಿನ ಆಸುಪಾಸು. ಎದ್ದು ಅಲುಗಾಡದೆ ನಿಂತರೆ ಅದು 90ರ ಹತ್ತಿರಕ್ಕೆ ಏರುತ್ತದೆಂದು ಮಾಪನಗಳು ತೋರಿಸಿವೆ. (ಹೃದಯದಿಂದ ರಕ್ತವನ್ನು ಒಯ್ಯುವುದು ಅಪಧಮನಿ, ಹೃದಯಕ್ಕೆ ಮರಳಿ ತರುವುದು ಅಭಿಧಮನಿ. ಎರಡು ಹೆಸರುಗಳನ್ನೂ ಇಷ್ಟು ಸಮೀಪವಾಗಿ ಇಟ್ಟ ಪುಣ್ಯಾತ್ಮರು ಪರೀಕ್ಷೆ ಬರೆಯುವವರ ಕಷ್ಟವನ್ನು ಯೋಚಿಸಿರಲಾರರು.)

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. “ಪಾದದಿಂದ ಹೃದಯಕ್ಕೆ ರಕ್ತವು ಗುರುತ್ವಾಕರ್ಷಣೆಗೆ ವಿರುದ್ಧವಾಗಿ ಹತ್ತಬೇಕು, ಆದ್ದರಿಂದ ಕಾಲಿಗೆ ಶ್ರಮ” ಎಂದು ಅನೇಕ ಪುಸ್ತಕಗಳಲ್ಲಿ ಬರೆದಿರುತ್ತದೆ. ಈ ವಿವರಣೆ ಅರ್ಧ ಮಾತ್ರ ಸರಿ. ಇಂಗ್ಲಿಷಿನ ‘ಯು’ ಅಕ್ಷರದ ಆಕಾರದ ಗಾಜಿನ ಕೊಳವೆಯಲ್ಲಿ ನೀರು ತುಂಬಿ ನೋಡಿರಿ. ಒಂದು ತೋಳಿನಲ್ಲಿ ಇಳಿಯುವ ನೀರು ಇನ್ನೊಂದು ತೋಳಿನಲ್ಲಿ ಏರುವ ನೀರನ್ನು ಸರಿದೂಗಿಸುತ್ತದೆ. ಕೊಳವೆ ಎಷ್ಟು ಉದ್ದವಾದರೂ ಹೆಚ್ಚಿನ ಪಂಪು ಬೇಡ. ಕಾಲಿನಲ್ಲಿಯೂ ಹಾಗೆಯೇ. ಅಪಧಮನಿಯ ಒತ್ತಡವೂ ಅಭಿಧಮನಿಯ ಒತ್ತಡವೂ ಅಷ್ಟಷ್ಟೇ ಹೆಚ್ಚಿರುವುದರಿಂದ ಅವುಗಳ ವ್ಯತ್ಯಾಸ ಮಲಗಿದಾಗ ಇದ್ದಷ್ಟೇ ಇರುತ್ತದೆ. ಕಾಲು ಗಾಜಿನಿಂದಾಗಿದ್ದರೆ ನಿಲ್ಲುವುದರಿಂದ ರಕ್ತದ ಹರಿವಿಗೆ ಯಾವ ತೊಂದರೆಯೂ ಆಗುತ್ತಿರಲಿಲ್ಲ.

ಆದರೆ ಅಭಿಧಮನಿಯ ಗೋಡೆ ತೆಳುವಾದದ್ದು, ಹಿಗ್ಗುವಂಥದ್ದು. ಒಳಗಿನ ಒತ್ತಡ ಏರಿದೊಡನೆ ಅದು ಉಬ್ಬಿ ಹೆಚ್ಚು ರಕ್ತವನ್ನು ತನ್ನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಮಲಗಿದ್ದವನು ಎದ್ದು ನಿಂತಾಗ ಅವನ ಸುಮಾರು 5 ಲೀಟರ್ ರಕ್ತದಲ್ಲಿ ಅರ್ಧ ಲೀಟರಿನಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು, ಎದೆಯ ಭಾಗದಿಂದ ಕೆಳಕ್ಕೆ ಸರಿಯುತ್ತದೆ. ಅಷ್ಟು ರಕ್ತ ಹೃದಯಕ್ಕೆ ಕೊರತೆಯಾಯಿತು. ಕವಾಯತಿನಲ್ಲಿ ಬಿಸಿಲಿಗೆ ಕದಲದೆ ನಿಂತ ಹುಡುಗ ಧೊಪ್ಪನೆ ಬೀಳುವುದು ಇದರಿಂದಲೇ: ಮೆದುಳಿಗೆ ಸಾಕಷ್ಟು ರಕ್ತ ಏರಲಿಲ್ಲ. ಬಿದ್ದೊಡನೆ ದೇಹ ಮಟ್ಟಸವಾಗಿ ರಕ್ತಸ್ತಂಭವೇ ಇಲ್ಲವಾಗುತ್ತದೆ, ಅವನು ಕಣ್ಣು ತೆರೆಯುತ್ತಾನೆ. ಅವನನ್ನು ಆತುರದಿಂದ ಎತ್ತಿ ನಿಲ್ಲಿಸುವವರು ಪ್ರಕೃತಿ ಮಾಡಿದ ಚಿಕಿತ್ಸೆಯನ್ನು ಕೆಡಿಸುತ್ತಾರೆ. ಮಲಗಿಸಿಯೇ ಇರಿಸಿ ಕಾಲನ್ನು ತುಸು ಎತ್ತಿ ಹಿಡಿಯುವುದು ಸರಿಯಾದ ಕ್ರಮ.

ಬಾವು ಬರುವ ಬಗೆ ಇನ್ನೂ ಸೂಕ್ಷ್ಮವಾದುದು. ಕೂದಲಿಗಿಂತ ತೆಳ್ಳನೆಯ ಲೋಮನಾಳಗಳ ಗೋಡೆಯ ಮೂಲಕ ರಕ್ತದ ನೀರಿನಂಶ ಹೊರಕ್ಕೆ ಸೋಸಬಲ್ಲುದು. ಅದನ್ನು ಹೊರಕ್ಕೆ ತಳ್ಳುವುದು ರಕ್ತದ ಒತ್ತಡ. ಒಳಕ್ಕೆ ಸೆಳೆದಿಡುವುದು ರಕ್ತದಲ್ಲಿ ಕರಗಿರುವ ಪ್ರೋಟೀನುಗಳ ಪರಾಸರಣ ಒತ್ತಡ, ಸುಮಾರು 25 ಮಿಲಿಮೀಟರ್. ಈ ತಕ್ಕಡಿಯನ್ನು 1896ರಲ್ಲಿ ತೋರಿಸಿಕೊಟ್ಟವರು ಅರ್ನೆಸ್ಟ್ ಸ್ಟಾರ್ಲಿಂಗ್. ನಿಂತವನ ಪಾದದಲ್ಲಿ ಹೊರತಳ್ಳುವ ತಟ್ಟೆ ತೂಗಿ ಬೀಳುತ್ತದೆ, ನೀರು ಅಂಗಾಂಶದಲ್ಲಿ ತುಂಬತೊಡಗುತ್ತದೆ. ಕಿರಿಯ ಅಪಧಮನಿಗಳು ಸಂಕೋಚಗೊಂಡು ಒಂದಿಷ್ಟನ್ನು ತಡೆಯುತ್ತವೆ, ದುಗ್ಧರಸನಾಳಗಳು ಒಂದಿಷ್ಟನ್ನು ಹೊತ್ತೊಯ್ಯುತ್ತವೆ. ಉಳಿದದ್ದು ಸಂಜೆ ಪಾದರಕ್ಷೆಯ ಗುರುತಾಗಿ ಕಾಣುತ್ತದೆ. ಹೊಸ ಪಾದರಕ್ಷೆಯನ್ನು ಬೆಳಗಿನಲ್ಲಿ ಕೊಳ್ಳಬಾರದೆಂಬ ಹಿರಿಯರ ಮಾತಿಗೆ ಇಷ್ಟು ವಿಜ್ಞಾನದ ಬೆಂಬಲವಿದೆ.

ಹಾಗಾದರೆ ನಡೆಯುವವನನ್ನು ಕಾಪಾಡುವುದು ಯಾವುದು? ವಾಚಕರು ಇಲ್ಲಿ ಓದನ್ನು ನಿಲ್ಲಿಸಿ ಒಂದು ಪ್ರಯೋಗ ಮಾಡಬೇಕೆಂದು ಕೋರುತ್ತೇವೆ. ಒಂದು ಕೈಯನ್ನು ಕೆಳಕ್ಕೆ ಇಳಿಬಿಡಿರಿ. ಮುಂಗೈಯ ಅಭಿಧಮನಿಗಳು ನೀಲಿಯಾಗಿ ಉಬ್ಬುತ್ತವೆ. ಕವಲಿಲ್ಲದ ಒಂದು ನೇರ ಭಾಗವನ್ನು ಆರಿಸಿ, ಮಣಿಕಟ್ಟಿನ ಕಡೆಯ ತುದಿಯನ್ನು ಒಂದು ಬೆರಳಿನಿಂದ ಒತ್ತಿಹಿಡಿದು, ಇನ್ನೊಂದು ಬೆರಳಿನಿಂದ ರಕ್ತವನ್ನು ಮೊಣಕೈಯ ಕಡೆಗೆ ಸವರಿ ಆ ಬೆರಳನ್ನು ತೆಗೆಯಿರಿ. ಒತ್ತಿದ ಬೆರಳಿನಿಂದ ಮೇಲಿನ ಗಂಟಿನವರೆಗೆ ನಾಳ ಬರಿದಾಗಿಯೇ ಉಳಿಯುತ್ತದೆ. ಮೇಲಿನ ರಕ್ತ ಕೆಳಕ್ಕೆ ಇಳಿಯಲೊಲ್ಲದು. ಕೆಳಗಿನ ಬೆರಳನ್ನು ಎತ್ತಿದೊಡನೆ ಕೆಳಗಿನಿಂದ ರಕ್ತ ನುಗ್ಗಿ ತುಂಬುತ್ತದೆ. ಆ ಗಂಟಿನಲ್ಲಿರುವುದು ಕವಾಟ. ಈ ಪುಟ್ಟ ಬಾಗಿಲುಗಳನ್ನು ಇಟಲಿಯ ಪಾಡುವಾ ವಿಶ್ವವಿದ್ಯಾಲಯದ ಫ್ಯಾಬ್ರಿಸಿಯಸ್ 1603ರಲ್ಲಿ ಚಿತ್ರಸಹಿತ ವರ್ಣಿಸಿದರು, ಆದರೆ ಅವುಗಳ ಉದ್ದೇಶವನ್ನು ತಪ್ಪಾಗಿ ಊಹಿಸಿದರು. ಅವರ ಶಿಷ್ಯ ವಿಲಿಯಂ ಹಾರ್ವೇ ಈಗ ಹೇಳಿದಂತಹ ಬೆರಳಿನ ಪರೀಕ್ಷೆಯಿಂದಲೇ ಅವು ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುತ್ತವೆಂದು ಸಿದ್ಧಪಡಿಸಿ, 1628ರ ತಮ್ಮ ಗ್ರಂಥದಲ್ಲಿ ರಕ್ತಪರಿಚಲನೆಗೆ ಸಾಕ್ಷ್ಯವಾಗಿ ಇಟ್ಟರು.

ಕಾಲಿನ ಆಳದ ಅಭಿಧಮನಿಗಳು ಮೀನಖಂಡದ ಸ್ನಾಯುಗಳ ನಡುವೆಯೇ ಹಾದುಹೋಗುತ್ತವೆ. ಹೆಜ್ಜೆಯಿಟ್ಟಾಗ ಸ್ನಾಯು ಬಿಗಿದು ನಾಳವನ್ನು ಹಿಂಡುತ್ತದೆ. ಕವಾಟಗಳಿರುವುದರಿಂದ ರಕ್ತ ಮೇಲಕ್ಕಷ್ಟೇ ಹೋಗಬಲ್ಲುದು. ಸ್ನಾಯು ಸಡಿಲಿದಾಗ ಮೇಲಿನ ಕವಾಟ ಮುಚ್ಚಿ ಉದ್ದನೆಯ ರಕ್ತಸ್ತಂಭ ತುಂಡಾಗುತ್ತದೆ, ಬರಿದಾದ ನಾಳ ಪಾದದ ರಕ್ತವನ್ನು ಹೀರಿಕೊಳ್ಳುತ್ತದೆ. ಮೀನಖಂಡವನ್ನು ಎರಡನೆಯ ಹೃದಯವೆಂದು ವೈದ್ಯರು ಕರೆಯುವುದು ಬರಿಯ ಅಲಂಕಾರವಲ್ಲ. ಹತ್ತಾರು ಹೆಜ್ಜೆ ನಡೆಯುವಷ್ಟರಲ್ಲಿ ಪಾದದ ಅಭಿಧಮನಿಯ ಒತ್ತಡ 90ರಿಂದ 30ಕ್ಕೂ ಕೆಳಗಿಳಿಯುತ್ತದೆ. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ನಡೆ ನಿಲ್ಲಿಸಿದ ಮೇಲೆ ಆ ಒತ್ತಡ ಮತ್ತೆ ಹಿಂದಿನ ಮಟ್ಟಕ್ಕೇರಲು ಆರೋಗ್ಯವಂತನಲ್ಲಿ ಸುಮಾರು ಅರ್ಧ ನಿಮಿಷ ಸಾಕು. ಆ ವೇಳೆಗೆ ರಕ್ತ ಕೆಳಗಿನಿಂದ ತುಂಬಿ ಬಂದು ಕವಾಟಗಳನ್ನೆಲ್ಲ ತೆರೆದುಬಿಡುತ್ತದೆ. ಸ್ತಂಭ ಮತ್ತೆ ಅಖಂಡ. ಕದಲದ ಕಾಲಿನಲ್ಲಿ ಕವಾಟವಿದ್ದೂ ಇಲ್ಲದಂತೆ. ಬೆಳಿಗ್ಗೆ ಒಂದು ಗಂಟೆ ವಾಯುವಿಹಾರ ಮಾಡಿದ ಪುಣ್ಯವನ್ನು ಮಧ್ಯಾಹ್ನದ ನಿಲುವಿಗೆ ಖರ್ಚುಮಾಡಲು ಬರುವುದಿಲ್ಲ.

ಕುಳಿತರೆ ಎಲ್ಲವೂ ಸರಿಹೋಯಿತೆ? ಕುರ್ಚಿಯಲ್ಲಿ ಕುಳಿತವನ ಹೃದಯದಿಂದ ಪಾದಕ್ಕೆ ಸುಮಾರು 75 ಸೆಂಟಿಮೀಟರ್ ಎತ್ತರವೆಂದುಕೊಂಡರೆ ಒತ್ತಡ 58 ಮಿಲಿಮೀಟರ್. 93ಕ್ಕಿಂತ ಕಡಿಮೆಯೆಂಬುದು ನಿಜ, ಮೀನಖಂಡಕ್ಕೂ ಬಿಡುವು ದೊರೆಯಿತು. ಆದರೆ ಕಾಲನ್ನು ಕದಲಿಸದೆ ಗಂಟೆಗಟ್ಟಲೆ ಕುಳಿತವನ ಪಾದವೂ ಬಾಯುತ್ತದೆ. ರಾತ್ರಿಯ ಬಸ್ಸಿನಲ್ಲಿ ದೂರ ಪ್ರಯಾಣ ಮಾಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಕುರ್ಚಿ ಎತ್ತರವಾಗಿ ಪಾದ ನೆಲಕ್ಕೆ ಎಟುಕದಿದ್ದರೆ ಆಸನದ ಅಂಚು ತೊಡೆಯ ಹಿಂಭಾಗವನ್ನು ಒತ್ತಿ ರಕ್ತದ ದಾರಿಯನ್ನು ಕಿರಿದುಮಾಡುತ್ತದೆ. 1940ರಲ್ಲಿ ಲಂಡನ್ ನಗರದ ಮೇಲೆ ಬಾಂಬುಗಳು ಬೀಳುತ್ತಿದ್ದಾಗ ಜನರು ಆಶ್ರಯಸ್ಥಾನಗಳಲ್ಲಿ ಮಡಿಸುವ ಕುರ್ಚಿಗಳ ಮೇಲೆ ರಾತ್ರಿಗಳನ್ನು ಕಳೆದರು. ಅವರಲ್ಲಿ ಕೆಲವರು ಬಾಂಬಿನಿಂದಲ್ಲ, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹರಿದು ಸತ್ತರು. ವೈದ್ಯ ಕೀತ್ ಸಿಂಪ್ಸನ್ ಇದನ್ನು ಅದೇ ವರ್ಷ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿಮಾಡಿ, ಕುರ್ಚಿಯ ಮುಂಭಾಗದ ಮರದ ಅಡ್ಡಪಟ್ಟಿಯ ಕಡೆಗೆ ಬೆರಳು ತೋರಿಸಿದರು.

ನಮ್ಮ ದೇಶದ ಚಕ್ಕಂಬಕ್ಕಳದಲ್ಲಿ ಹೃದಯಕ್ಕೂ ಪಾದಕ್ಕೂ ಎತ್ತರದ ಅಂತರ ಕುರ್ಚಿಯಲ್ಲಿರುವುದರ ಅರ್ಧದಷ್ಟೇ. ಪಾದ ಬಾಯದು, ಆದರೆ ನರದ ಮೇಲೆ ಭಾರ ಬಿದ್ದು ಜೋಮು ಹಿಡಿಯುತ್ತದೆ. ಜೋಮು ಹಿಡಿಯುವುದು ರಕ್ತ ನಿಂತದ್ದರಿಂದಲೇ ಎಂದು ಜನ ನಂಬುವರಾದರೂ ಬಹುಪಾಲು ಅದು ನರದ ದೂರು. ಇಳಕಲ್ಲು, ಗುಳೇದಗುಡ್ಡಗಳ ಗುಂಡಿ ಮಗ್ಗದ ನೇಕಾರ ನೆಲದ ಮಟ್ಟದಲ್ಲಿ ಕುಳಿತು, ಕಾಲನ್ನು ಗುಂಡಿಗೆ ಇಳಿಬಿಟ್ಟು ಮೆಟ್ಟುಗೋಲುಗಳನ್ನು ತುಳಿಯುತ್ತಾನೆ. ಅವನ ಬೆನ್ನು, ಮೊಣಕಾಲುಗಳ ಕಷ್ಟ ಬೇರೆಯೇ ಇದೆ, ಅದನ್ನು ನಾವು ಮರೆಮಾಡುವುದಿಲ್ಲ. ಆದರೆ ಲಾಳಿಯ ಪ್ರತಿಯೊಂದು ಓಟಕ್ಕೂ ಅವನ ಕಾಲು ಒಮ್ಮೆ ತುಳಿಯಬೇಕಾದುದರಿಂದ ಅಭಿಧಮನಿಯ ಲೆಕ್ಕದಲ್ಲಿ ಅವನು ಕುಳಿತೇ ನಡೆಯುತ್ತಿರುವವನು.

ಅವನು ನೇಯ್ದ ಸೀರೆಯನ್ನು ಮಾರುವವಳ ಸ್ಥಿತಿ ಇದಕ್ಕೆ ತದ್ವಿರುದ್ಧ. ಹಿಂದೆ ಜವಳಿ ಅಂಗಡಿಯಲ್ಲಿ ವರ್ತಕನೂ ಗಿರಾಕಿಯೂ ಗಾದಿಯ ಮೇಲೆ ಕುಳಿತೇ ವ್ಯಾಪಾರ ನಡೆಸುತ್ತಿದ್ದರು. ಎದೆಮಟ್ಟದ ಮೇಜು ಬಂದ ಮೇಲೆ ಮಾರುವವರು ಅದರ ಹಿಂದೆ ನಿಂತರು; ಗಿರಾಕಿ ಇಲ್ಲದ ಹೊತ್ತಿನಲ್ಲಿಯೂ ಕುಳಿತರೆ ಅಗೌರವವೆಂಬ ಕಟ್ಟಳೆ ಅನೇಕ ಕಡೆ ಬೆಳೆಯಿತು. ಬ್ರಿಟನ್ನಿನಲ್ಲಿ ಮೂವರು ಮಾರಾಟಗಾರ್ತಿಯರಿಗೆ ಒಂದಾದರೂ ಆಸನವಿರಬೇಕೆಂದು 1899ರಲ್ಲಿಯೇ ಕಾಯಿದೆಯಾಗಿತ್ತು. ಭಾರತದ 1948ರ ಕಾರ್ಖಾನೆ ಕಾಯಿದೆಯ 44ನೆಯ ಪ್ರಕರಣವು ನಿಂತು ದುಡಿಯುವವರಿಗೆ ಬಿಡುವಿನಲ್ಲಿ ಕೂರಲು ಏರ್ಪಾಡಿರಬೇಕೆಂದು ವಿಧಿಸಿತು. ಆದರೆ ಅಂಗಡಿ ಕಾರ್ಖಾನೆಯಲ್ಲ. ಕೇರಳದ ಜವಳಿ ಅಂಗಡಿಗಳ ಹೆಂಗಸರು ಹಲವು ವರ್ಷ ಹೋರಾಡಿದ ಮೇಲೆ 2018ರಲ್ಲಿ ಆ ರಾಜ್ಯವೂ, 2021ರಲ್ಲಿ ತಮಿಳುನಾಡೂ ಅಂಗಡಿ ನೌಕರರಿಗೆ ಕುಳಿತುಕೊಳ್ಳುವ ಹಕ್ಕನ್ನು ಕಾಯಿದೆಯಲ್ಲಿ ಸೇರಿಸಿದವು. ಒಂದು ಮಣೆಯನ್ನು ಪಡೆಯಲು ಶಾಸನವೇ ಬೇಕಾಯಿತೆಂಬುದು ನಮಗೆ ನಾಚಿಕೆಯ ಸಂಗತಿಯಾಗಿ ತೋರುತ್ತದೆ.

ಇದು ಕೇವಲ ಸುಖದ ಪ್ರಶ್ನೆಯೂ ಅಲ್ಲ. ವರ್ಷಗಟ್ಟಲೆ ಹಿಗ್ಗಿದ ಅಭಿಧಮನಿಯಲ್ಲಿ ಕವಾಟದ ಎರಡು ಎಸಳುಗಳು ಒಂದನ್ನೊಂದು ಮುಟ್ಟದಂತಾಗುತ್ತವೆ. ಮುಟ್ಟದ ಕವಾಟ ಸೋರುತ್ತದೆ, ಸೋರಿದ್ದರಿಂದ ಕೆಳಗಿನ ನಾಳ ಇನ್ನಷ್ಟು ಹಿಗ್ಗುತ್ತದೆ, ಮುಂದಿನ ಕವಾಟವೂ ಸೋಲುತ್ತದೆ. ಚರ್ಮದ ಕೆಳಗೆ ಹಾವಿನಂತೆ ಸುತ್ತಿಕೊಂಡು ಉಬ್ಬಿದ ನರವೆಂದು ಜನ ಹೇಳುವುದು ಇದನ್ನೇ. ವಂಶಗುಣ, ಗರ್ಭಧಾರಣೆ, ವಯಸ್ಸು ಇವೆಲ್ಲ ಇದಕ್ಕೆ ಕಾರಣವಾಗಬಲ್ಲವು. ಡೆನ್ಮಾರ್ಕಿನಲ್ಲಿ 12 ವರ್ಷ ನಡೆದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದುಡಿಮೆಯ ಹೊತ್ತಿನ ಮುಕ್ಕಾಲು ಪಾಲನ್ನಾದರೂ ಕಾಲಿನ ಮೇಲೆಯೇ ಕಳೆಯುವವರು ಈ ರೋಗಕ್ಕಾಗಿ ಆಸ್ಪತ್ರೆ ಸೇರುವ ಸಂಭವ ಇತರರಿಗಿಂತ ಸುಮಾರು 1.8 ಪಟ್ಟು ಎಂದು ಕಂಡುಬಂದಿತು. ಅಲ್ಲಿ ನಿಂತವರನ್ನೂ ನಡೆದವರನ್ನೂ ಒಟ್ಟಿಗೆ ಎಣಿಸಿದ್ದರು. ಬೇರ್ಪಡಿಸಿದ್ದರೆ ಚೆನ್ನಾಗಿತ್ತೆಂದು ನಮ್ಮ ಅಭಿಪ್ರಾಯ.

ನಿಲ್ಲಲೇಬೇಕಾದವರು ಮಾಡಬಹುದಾದದ್ದು ಕಡಿಮೆಯೇನಲ್ಲ. ಒಂದು ಗೇಣು ಎತ್ತರದ ಮಣೆಯ ಮೇಲೆ ಒಂದು ಪಾದವನ್ನು ಇಟ್ಟು ಆಗಾಗ ಬದಲಿಸುವುದು, ನಿಂತಲ್ಲಿಯೇ ಹಿಮ್ಮಡಿಯನ್ನು ಎತ್ತಿ ಇಳಿಸುವುದು, ಮಾತನಾಡುತ್ತ ನಾಲ್ಕು ಹೆಜ್ಜೆ ಅತ್ತಿತ್ತ ಸುಳಿಯುವುದು. ಕಾಲುಚೀಲದ ಕಥೆ ಸ್ವಾರಸ್ಯವಾದದ್ದು. ಅಮೆರಿಕದಲ್ಲಿದ್ದ ಕಾನ್ರಡ್ ಜೋಬ್‌ಸ್ಟ್ ಎಂಬ ಯಂತ್ರಶಿಲ್ಪಿಗೆ ಸ್ವತಃ ಅಭಿಧಮನಿಯ ರೋಗವಿತ್ತು. ಈಜುಕೊಳದಲ್ಲಿ ನೆಟ್ಟಗೆ ನಿಂತಾಗ ತಮ್ಮ ಕಾಲುನೋವು ಇಳಿಯುವುದನ್ನು ಅವರು ಕಂಡರು. ನೀರಿನಲ್ಲಿ ಹೊರಗಿನ ಒತ್ತಡವೂ ಆಳದೊಡನೆ ಏರಿ ರಕ್ತದ ಒತ್ತಡವನ್ನು ಪಾದದಿಂದ ಮೇಲಿನವರೆಗೆ ಸರಿದೂಗಿಸುತ್ತದೆಂದು ಗ್ರಹಿಸಿ, 1950ರ ಸುಮಾರಿಗೆ ಹರಡಿನ ಬಳಿ ಹೆಚ್ಚು, ಮೇಲಕ್ಕೆ ಹೋದಂತೆ ಕಡಿಮೆ ಬಿಗಿಯಾಗುವ ಚೀಲವನ್ನು ರೂಪಿಸಿದರು. ಬಾಗಿದ ಪಟಲದ ಒತ್ತಡವು ಬಿಗಿತವನ್ನು ತ್ರಿಜ್ಯದಿಂದ ಭಾಗಿಸಿದಷ್ಟು ಎಂಬ ಲಾಪ್ಲಾಸ್ ನಿಯಮದಂತೆ, ಹರಡು ಮೀನಖಂಡಕ್ಕಿಂತ ಸಣ್ಣದಾದ್ದರಿಂದ ಒಂದೇ ಬಿಗಿತದ ಬಟ್ಟೆಯೂ ಅಲ್ಲಿ ಹೆಚ್ಚು ಒತ್ತುತ್ತದೆ. ಆದರೆ ಇಂತಹ ಚೀಲವನ್ನು ವೈದ್ಯರನ್ನು ಕೇಳದೆ ಧರಿಸಬಾರದು. ಅಪಧಮನಿ ಕಿರಿದಾಗಿರುವವರಿಗೆ ಅದು ಕೇಡನ್ನು ಮಾಡೀತು.

ಇದನ್ನೆಲ್ಲ ಮನೆಯಲ್ಲಿಯೇ ಪರೀಕ್ಷಿಸಬೇಕೆನ್ನುವವರಿಗೆ ಆರ್ಕಿಮಿಡೀಸನ ಒಂದು ಬಕೆಟ್ಟು ಸಾಕು. ಬಕೆಟ್ಟನ್ನು ಅಗಲವಾದ ತಟ್ಟೆಯಲ್ಲಿಟ್ಟು ಉಗುರುಬಿಸಿ ನೀರನ್ನು ಕಂಠಮಟ್ಟ ತುಂಬಿರಿ. ಕಾಲಿನ ಮೇಲೆ ಶಾಯಿಯಿಂದ ಒಂದು ಗೆರೆ ಎಳೆದು, ಕುಳಿತುಕೊಂಡು ಗೆರೆಯವರೆಗೆ ಕಾಲನ್ನು ನಿಧಾನವಾಗಿ ಇಳಿಸಿ, ಚೆಲ್ಲಿದ ನೀರನ್ನು ಪ್ರಯೋಗಶಾಲೆಯ ಅಳತೆಯ ಜಾಡಿಯಿಂದ ಅಳೆಯಿರಿ. ಬೆಳಿಗ್ಗೆ ಎದ್ದೊಡನೆ ಒಮ್ಮೆ, ಸಂಜೆ ಒಮ್ಮೆ. ವ್ಯತ್ಯಾಸ ಕೆಲವು ಹತ್ತು ಘನ ಸೆಂಟಿಮೀಟರುಗಳಷ್ಟೇ ಇರಬಹುದಾದ್ದರಿಂದ ಪ್ರತಿ ಸಲವೂ ಮೂರು ಬಾರಿ ಅಳೆದು ಸರಾಸರಿ ತೆಗೆಯಬೇಕು. ನೀರಿನ ಶಾಖವೂ ಎರಡು ಹೊತ್ತು ಒಂದೇ ಇರಬೇಕು. ಒಂದು ದಿನ ಹೆಚ್ಚು ಹೊತ್ತು ನಿಂತು, ಮರುದಿನ ಅಷ್ಟೇ ಹೊತ್ತು ಓಡಾಡಿ, ಮೂರನೆಯ ದಿನ ಕುರ್ಚಿಯಲ್ಲಿ ಕಾಲಾಡಿಸದೆ ಕುಳಿತು ಅಳೆದ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿರಿ. ಅಮ್ಮನೂ ಒಪ್ಪಿದರೆ, ಒಲೆಯ ಮುಂದೆ ನಿಂತು ಅಡಿಗೆ ಮಾಡುವ ಅವರ ಕಾಲನ್ನೂ ಅಳೆಯಿರಿ.